ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಡೇಟಾ ಪಾರ್ಟಿಶನ್: ಕೊಡಗಿನ ಮನೆ, ತೋಟದ ಆಫೀಸುಗಳಿಗೆ ಸಮಗ್ರ ಮಾರ್ಗದರ್ಶಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಹಳೆಯ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳು ಅಲ್ಲೇ ಹೊರಗುಳಿಯುತ್ತವೆ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ಹಾಕುವ ಬದಲು ಅದರಲ್ಲೇ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಂಡು, ಇಂಟರ್ನೆಟ್ಟಿನ ಕೆಲಸವನ್ನೆಲ್ಲ ಅಲ್ಲಿಗೆ ಸಾಗಿಸುವುದು ಒಳ್ಳೆಯ ದಾರಿ. ಆದರೂ ವಿಂಡೋಸ್ ಪೂರ್ತಿ ತೆಗೆಯಲಾಗದು. ತೋಟದ ಲೆಕ್ಕ ಟ್ಯಾಲಿಯಲ್ಲಿರುತ್ತದೆ, ಹಳೆಯ ಪತ್ರಗಳು ನುಡಿ ತಂತ್ರಾಂಶದಲ್ಲಿರುತ್ತವೆ. ಹೀಗೆ ಒಂದೇ ಕಂಪ್ಯೂಟರಿನಲ್ಲಿ ಎರಡು ಓಎಸ್ (ಆಪರೇಟಿಂಗ್ ಸಿಸ್ಟಮ್) ಉಳಿಯುತ್ತವೆ.

ತೊಂದರೆ ಶುರುವಾಗುವುದು ಆಮೇಲೆ. ತೋಟದ ಗುಮಾಸ್ತನಾದ ರೈಟರ್ ವಿಂಡೋಸ್‌ನಲ್ಲಿ ತುಂಬಿದ ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ಒಂದು ಕಡೆ, ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಓದುವ ಮಗಳು ಲಿನಕ್ಸ್‌ನಲ್ಲಿ ಸ್ಕ್ಯಾನ್ ಮಾಡಿಟ್ಟ ಪಹಣಿ ಇನ್ನೊಂದು ಕಡೆ. ಪೆನ್‌ಡ್ರೈವಿನಲ್ಲಿ ಅತ್ತಿತ್ತ ಸಾಗಿಸಿದಷ್ಟೂ ಒಂದೇ ಫೈಲಿನ ಮೂರು ನಾಲ್ಕು ಪ್ರತಿಗಳು ಹುಟ್ಟಿಕೊಂಡು, ಯಾವುದು ಹೊಸದೆಂದು ಯಾರಿಗೂ ತಿಳಿಯದ ಸ್ಥಿತಿ ಬರುತ್ತದೆ. ಇದಕ್ಕೆ ಪರಿಹಾರ, ಎರಡು ಓಎಸ್‌ಗಳೂ ಓದಿ ಬರೆಯಬಲ್ಲ ಒಂದು ಪ್ರತ್ಯೇಕ ಪಾರ್ಟಿಶನ್, ಅಂದರೆ ಡಿಸ್ಕಿನಲ್ಲಿ ಬೇರೆಯಾಗಿ ವಿಂಗಡಿಸಿದ ಭಾಗ. ಅದನ್ನು ಮಾಡುವುದು ಕಷ್ಟವಲ್ಲ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ನಮ್ಮ ಜಿಲ್ಲೆಯಲ್ಲಿ ಅದನ್ನು ಕೆಡದಂತೆ ಉಳಿಸಿಕೊಳ್ಳುವುದೇ ಹೆಚ್ಚು ಎಚ್ಚರ ಬೇಡುವ ಕೆಲಸ. ಹಾಗಾಗಿ ಈ ಬರಹದಲ್ಲಿ ಮಾಡುವ ವಿಧಾನಕ್ಕಿಂತ ಕಾಯುವ ವಿಧಾನಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎರಡೂ ಓಎಸ್ ಈಗಾಗಲೇ ಇವೆ ಎಂದುಕೊಂಡು ಬರೆಯುತ್ತಿದ್ದೇನೆ. ಲಿನಕ್ಸ್ ಇನ್ನೂ ಹಾಕಿಲ್ಲವಾದರೆ ಮೊದಲ ನಾಲ್ಕು ಹೆಜ್ಜೆ ಮುಗಿಸಿ ಆಮೇಲೆ ಹಾಕಿ. ಆಗ ಕೆಲಸ ಇನ್ನೂ ಸುಲಭ. ಮೆನುವಿನ ಹೆಸರು, ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಯಾವ ಫೈಲ್ ಸಿಸ್ಟಮ್ ಆರಿಸಬೇಕು?

ಫೈಲ್ ಸಿಸ್ಟಮ್ ಎಂದರೆ ಪಾರ್ಟಿಶನಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದ್ದು ಅದು. ಎದುರಿಗೆ ನಾಲ್ಕು ಆಯ್ಕೆಗಳಿವೆ.

ಫ್ಯಾಟ್32 ಎಂಬುದು 1996ರದು. ಯಾವ ಯಂತ್ರವೂ ಅದನ್ನು ಓದುತ್ತದೆ. ಆದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ಹಿಡಿಯುವುದಿಲ್ಲ. ಮದುವೆಯ ವೀಡಿಯೊ ಒಂದನ್ನು ಕಾಪಿ ಮಾಡಲು ಹೋದರೆ ಅಲ್ಲಿಗೇ ನಿಂತುಬಿಡುತ್ತದೆ. ಇದನ್ನು ಬಿಟ್ಟುಬಿಡಿ.

ಎಕ್ಸ್‌ಟಿ4 ಲಿನಕ್ಸಿನ ಸ್ವಂತ ಫೈಲ್ ಸಿಸ್ಟಮ್, ಬಹಳ ಗಟ್ಟಿ. ಆದರೆ ವಿಂಡೋಸ್‌ಗೆ ತಾನಾಗಿ ಅದನ್ನು ಓದಲು ಬರುವುದಿಲ್ಲ. ಹೊರಗಿನ ಡ್ರೈವರ್ (ಓದಿಸುವ ಪ್ರೋಗ್ರಾಂ) ಹಾಕಿ ಓದಿಸಬಹುದಾದರೂ ಮನೆಯ ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ಲೆಕ್ಕಪತ್ರವನ್ನು ಅದರ ಮೇಲೆ ನಂಬಿ ಇಡುವುದು ಸರಿಯಲ್ಲ.

ಎಕ್ಸ್‌ಫ್ಯಾಟ್ 2006ರಲ್ಲಿ ಬಂತು. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೇ ಸೇರಿಕೊಂಡಿತು. ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡುಗಳಿಗೆ ಹೇಳಿ ಮಾಡಿಸಿದ್ದು. ಅದರ ಕೊರತೆಯೆಂದರೆ ಜರ್ನಲಿಂಗ್ ಇಲ್ಲದಿರುವುದು. ಜರ್ನಲಿಂಗ್ ಇರುವ ಫೈಲ್ ಸಿಸ್ಟಮ್ ತನ್ನ ರಚನೆಯಲ್ಲಿ ಏನನ್ನಾದರೂ ಬದಲಾಯಿಸುವ ಮೊದಲು ‘ಹೀಗೆ ಮಾಡಲಿದ್ದೇನೆ’ ಎಂದು ಒಂದು ದಾಖಲೆಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಆ ದಾಖಲೆ ನೋಡಿ ಅರ್ಧಕ್ಕೆ ನಿಂತದ್ದನ್ನು ಸರಿಪಡಿಸಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ಅನುಕೂಲವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ನಾಪೋಕ್ಲು, ಭಾಗಮಂಡಲ ಕಡೆಯವರಿಗೆ ಹೊಸದಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಎಕ್ಸ್‌ಫ್ಯಾಟ್ ಪಾರ್ಟಿಶನ್ ಇಟ್ಟುಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ.

ಉಳಿದದ್ದು ಎನ್‌ಟಿಎಫ್‌ಎಸ್. 1993ರ ವಿಂಡೋಸ್ ಎನ್‌ಟಿಯ ಜೊತೆ ಬಂದದ್ದು, ಜರ್ನಲಿಂಗ್ ಉಳ್ಳದ್ದು. ಲಿನಕ್ಸ್‌ನಲ್ಲಿ ಎನ್‌ಟಿಎಫ್‌ಎಸ್-3ಜಿ ಎಂಬ ಡ್ರೈವರ್ 2007ರಿಂದ ಅದನ್ನು ಓದಿ ಬರೆಯುತ್ತಿದೆ. 2021ರ ಕರ್ನಲ್ 5.15ರಿಂದ ಕರ್ನಲ್ಲಿನೊಳಗೇ ಎನ್‌ಟಿಎಫ್‌ಎಸ್3 ಎಂಬ ಇನ್ನೊಂದು ಡ್ರೈವರ್ ಕೂಡ ಇದೆ. ಉಬುಂಟು, ಮಿಂಟ್ ಎರಡರಲ್ಲೂ ಎನ್‌ಟಿಎಫ್‌ಎಸ್-3ಜಿ ಮೊದಲೇ ಬಂದಿರುತ್ತದೆ. ನೆಟ್‌ವರ್ಕ್ ಸಿಗದ ಊರಿನಲ್ಲಿ ಕೂತು ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಎರಡು ಮಾತು ಮಾತ್ರ ನೆನಪಿರಲಿ. ಜರ್ನಲಿಂಗ್ ಕಾಪಾಡುವುದು ಫೈಲ್ ಸಿಸ್ಟಮ್‌ನ ರಚನೆಯನ್ನು, ನೀವು ಸೇವ್ ಮಾಡದೆ ಬಿಟ್ಟ ಲೆಕ್ಕವನ್ನಲ್ಲ. ಆ ರಕ್ಷಣೆಯೂ ವಿಂಡೋಸ್‌ನಿಂದ ಬರೆಯುವಾಗ ಇರುವಷ್ಟು ಗಟ್ಟಿಯಾಗಿ ಲಿನಕ್ಸ್‌ನಿಂದ ಬರೆಯುವಾಗ ಇರುವುದಿಲ್ಲ. ಇಷ್ಟಾದರೂ ನಾಲ್ಕರಲ್ಲಿ ನಮ್ಮ ಕೆಲಸಕ್ಕೆ ಸರಿಹೊಂದುವುದು ಇದೇ. ಮುಂದಿನದೆಲ್ಲ ಎನ್‌ಟಿಎಫ್‌ಎಸ್ ಬಗ್ಗೆಯೇ.

ಹೆಜ್ಜೆ 1: ಇರುವ ಫೈಲುಗಳನ್ನು ಹೊರಗೆ ತೆಗೆದಿಡಿ

ಪಾರ್ಟಿಶನ್ ಕಿರಿದು ಮಾಡುವ ಕೆಲಸ ಸಾಮಾನ್ಯವಾಗಿ ತೊಂದರೆಯಿಲ್ಲದೆ ಮುಗಿಯುತ್ತದೆ. ಅದರ ನಡುವೆ ಕರೆಂಟ್ ಹೋದರೆ ಮಾತ್ರ ಏನು ಬೇಕಾದರೂ ಆಗಬಹುದು. ಹೊರಗಿನ ಹಾರ್ಡ್‌ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡಿ, ಅದರಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ, ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ತುಂಬಿರಲಿ, ಚಾರ್ಜರ್ ಕೂಡ ಸಿಕ್ಕಿಸಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಮೇಲೆ ಓಡಲಿ. ಗುಡುಗು ಸಿಡಿಲಿನ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಹೆಜ್ಜೆ 2: ಬಿಟ್‌ಲಾಕರ್ ಇದೆಯೇ ನೋಡಿ

ಬಿಟ್‌ಲಾಕರ್ ಎಂದರೆ ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದಂತೆ ವಿಂಡೋಸ್ ಹಾಕುವ ಬೀಗ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದೊಡನೆ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರಿನಲ್ಲಿ ಅದು ತಾನಾಗಿ ಆನ್ ಆಗಿರುವುದುಂಟು. ‘ದಿಸ್ ಪಿಸಿ’ ತೆರೆದಾಗ ಡ್ರೈವಿನ ಚಿತ್ರದ ಮೇಲೆ ಬೀಗದ ಗುರುತು ಕಂಡರೆ ಅದೇ. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೆಸಿ ಆಂಡ್ ಸೆಕ್ಯುರಿಟಿ’ ಒಳಗೂ ನೋಡಬಹುದು.

ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ. ಪಾರ್ಟಿಶನ್ ಅಥವಾ ಬೂಟ್ (ಕಂಪ್ಯೂಟರ್ ಶುರುವಾಗುವ) ವ್ಯವಸ್ಥೆ ಬದಲಾದಾಗ ವಿಂಡೋಸ್ ಆ ಕೀ ಕೇಳಬಹುದು. ಇಲ್ಲವೆಂದರೆ ಸಿ ಡ್ರೈವಿನಲ್ಲಿರುವುದೆಲ್ಲ ನಿಮ್ಮ ಕೈ ತಪ್ಪುತ್ತದೆ. ಕೆಲಸ ಮುಗಿಯುವವರೆಗೆ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿಡುವುದು ಕ್ಷೇಮ. ಇಂಥ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡುವ ಡೇಟಾ ಪಾರ್ಟಿಶನ್‌ಗೂ ಬೀಗ ಬೀಳಬಹುದು. ಹಾಗಾದರೆ ಲಿನಕ್ಸ್‌ನಲ್ಲಿ ತೆರೆಯುವಾಗಲೂ ಪಾಸ್‌ವರ್ಡ್ ಅಥವಾ ಕೀ ಕೊಡಬೇಕಾಗುತ್ತದೆ, ಅದು ತಾನಾಗಿ ಸೇರಿಕೊಳ್ಳುವುದಿಲ್ಲ. ಮನೆಯೊಳಗೇ ಇರುವ ಡೆಸ್ಕ್‌ಟಾಪಿನ ಡೇಟಾ ಪಾರ್ಟಿಶನ್‌ಗೆ ಬಿಟ್‌ಲಾಕರ್ ತೆಗೆದುಬಿಡಿ ಎನ್ನುವುದು ನನ್ನ ಸಲಹೆ. ಹೊರಗೆ ಹೊತ್ತು ತಿರುಗುವ ಲ್ಯಾಪ್‌ಟಾಪಿನಲ್ಲಿ ಪಾಸ್‌ಬುಕ್, ಆಧಾರ್ ಪ್ರತಿಗಳಿದ್ದರೆ ಬೀಗವೇ ಇರಲಿ, ಸ್ವಲ್ಪ ತಾಪತ್ರಯ ಸಹಿಸಿಕೊಳ್ಳಿ.

ಹೆಜ್ಜೆ 3: ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ

ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆಯನ್ನು ಮಾತ್ರ ಮಾಡುತ್ತೀರಿ ಎಂದಾದರೆ ಇದನ್ನೇ ಮಾಡಿ. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ನಾವು ಶಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮುಂದಿನ ಸಲ ಬೇಗ ತೆರೆದುಕೊಳ್ಳಲೆಂದು ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಹಾಗೇ ಉಳಿಸಿ ಮಲಗುತ್ತದೆ. ಪಾರ್ಟಿಶನ್‌ಗಳಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಅದರ ಲೆಕ್ಕವೂ ಆ ಉಳಿಸಿದ ಸ್ಥಿತಿಯಲ್ಲಿ ಸೇರಿರುತ್ತದೆ.

ರೈಟರ್ ಸಂಜೆ ಮನೆಗೆ ಹೋಗುವಾಗ ಅರ್ಧ ಲೆಕ್ಕವನ್ನು ಪುಸ್ತಕಕ್ಕೆ ಹತ್ತಿಸಿ, ಉಳಿದರ್ಧವನ್ನು ಜೇಬಿನ ಚೀಟಿಯಲ್ಲಿ ಇಟ್ಟುಕೊಂಡು ಹೋದ ಎಂದುಕೊಳ್ಳಿ. ರಾತ್ರಿ ಇನ್ನೊಬ್ಬರು ಅದೇ ಪುಟದಲ್ಲಿ ಖಾಲಿ ಕಂಡ ಸಾಲುಗಳಲ್ಲಿ ತಮ್ಮ ಲೆಕ್ಕ ಬರೆದರು. ಬೆಳಿಗ್ಗೆ ರೈಟರ್ ಬಂದು ಪುಟ ನೋಡದೆ ಚೀಟಿಯಲ್ಲಿದ್ದುದನ್ನು ಅದೇ ಸಾಲುಗಳ ಮೇಲೆ ಬರೆದುಬಿಟ್ಟ. ಫಾಸ್ಟ್ ಸ್ಟಾರ್ಟಪ್ ಇರುವಾಗ ಲಿನಕ್ಸ್‌ನಿಂದ ಬರೆದರೆ ಪಾರ್ಟಿಶನ್‌ಗೆ ಆಗುವ ಗತಿಯೂ ಇದೇ. ಹಾಗಾಗಬಾರದೆಂದೇ ಎನ್‌ಟಿಎಫ್‌ಎಸ್-3ಜಿ ಇಂಥ ಪಾರ್ಟಿಶನ್ ಕಂಡರೆ ಬರೆಯಲು ಬಿಡದೆ, ಓದಲು ಮಾತ್ರ ತೆರೆಯುತ್ತದೆ, ಅಥವಾ ತೆರೆಯುವುದೇ ಇಲ್ಲ. ‘ರೀಡ್-ಓನ್ಲಿ ಬರುತ್ತಿದೆ, ಲಿನಕ್ಸ್ ಕೆಟ್ಟಿದೆ’ ಎಂದು ಎಷ್ಟೋ ಜನ ದೂರುವುದರ ಹಿಂದಿನ ಕಾರಣ ಇದು. ಲಿನಕ್ಸ್ ಕೆಟ್ಟಿರುವುದಿಲ್ಲ, ನಿಮ್ಮ ಫೈಲನ್ನು ಕಾಯುತ್ತಿರುತ್ತದೆ.

ಆಫ್ ಮಾಡಲು ಕಂಟ್ರೋಲ್ ಪ್ಯಾನೆಲ್ ತೆರೆದು ಪವರ್ ಆಪ್ಶನ್ಸ್‌ಗೆ ಹೋಗಿ. ಎಡಬದಿಯಲ್ಲಿ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಎಂದಿರುತ್ತದೆ. ಅದರೊಳಗೆ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನವೇಲಬಲ್’ ಒತ್ತಿದರೆ ಕೆಳಗಿನ ಆಯ್ಕೆಗಳು ತೆರೆದುಕೊಳ್ಳುತ್ತವೆ. ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಮುಂದಿನ ಟಿಕ್ ತೆಗೆದು ಸೇವ್ ಮಾಡಿ.

ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೈಬರ್ನೇಟ್ ಅನ್ನೇ, ಅಂದರೆ ತೆರೆದಿರುವುದನ್ನೆಲ್ಲ ಡಿಸ್ಕಿಗೆ ಬರೆದು ಮಲಗುವ ಸೌಲಭ್ಯವನ್ನೇ, ಪೂರ್ತಿ ತೆಗೆದುಬಿಡಿ ಎನ್ನುತ್ತೇನೆ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಪವರ್‌ಸಿಎಫ್‌ಜಿ’ ಎಂದು ಬರೆದು, ಒಂದು ಸ್ಪೇಸ್, ಮುಂದೆ ಬಾಗಿದ ಓರೆಗೆರೆ ಮತ್ತು ಎಚ್, ಮತ್ತೊಂದು ಸ್ಪೇಸ್, ‘ಆಫ್’ ಎಂದು ಬರೆದು ಎಂಟರ್ ಒತ್ತಿ. ಇದರಿಂದ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಸಿ ಡ್ರೈವಿನಲ್ಲಿ ಕೆಲವು ಜಿಬಿ ಜಾಗವೂ ಸಿಗುತ್ತದೆ. ಲ್ಯಾಪ್‌ಟಾಪ್ ಇರುವವರು ಪವರ್ ಆಪ್ಶನ್ಸ್‌ನಲ್ಲಿ ‘ಕ್ರಿಟಿಕಲ್ ಬ್ಯಾಟರಿ ಆಕ್ಷನ್’ ಎಂಬುದನ್ನು ಶಟ್‌ಡೌನ್‌ಗೆ ಬದಲಿಸಿ. ಎರಡು ದಿನ ಕರೆಂಟ್ ಇಲ್ಲದಾಗ ಬ್ಯಾಟರಿ ತೀರುವ ಹೊತ್ತಿಗೆ ಯಂತ್ರ ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಇದೇ ಮಾತು ಲಿನಕ್ಸಿನ ಹೈಬರ್ನೇಟ್‌ಗೂ ಅನ್ವಯ. ಒಂದನ್ನು ಮಲಗಿಸಿ ಇನ್ನೊಂದನ್ನು ಎಬ್ಬಿಸಬಾರದು.

ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಈ ಸೆಟ್ಟಿಂಗ್ ಮತ್ತೆ ಆನ್ ಆಗಿರಬಹುದು. ಒಮ್ಮೆ ನೋಡಿಕೊಳ್ಳಿ.

ಹೆಜ್ಜೆ 4: ಜಾಗ ಮಾಡಿ, ಪಾರ್ಟಿಶನ್ ಕಟ್ಟಿ

ಕಂಪ್ಯೂಟರಿನಲ್ಲಿ ಆಗಲೇ ಡಿ ಡ್ರೈವ್ ಇದ್ದರೆ, ಅಥವಾ ಎರಡನೆಯ ಹಾರ್ಡ್‌ಡಿಸ್ಕ್ ಇದ್ದರೆ ಈ ಹೆಜ್ಜೆ ಬೇಡ. ಅದನ್ನೇ ಬಳಸಿ.

ಇಲ್ಲದಿದ್ದರೆ ಸಿ ಡ್ರೈವಿನಿಂದ ಜಾಗ ಬಿಡಿಸಬೇಕು. ವಿಂಡೋಸ್‌ನ ಪಾರ್ಟಿಶನನ್ನು ವಿಂಡೋಸ್‌ನಿಂದಲೇ ಕಿರಿದು ಮಾಡಿ, ಲಿನಕ್ಸಿನದನ್ನು ಲಿನಕ್ಸನ್ನು ನೇರವಾಗಿ ಓಡಿಸುವ ಲೈವ್ ಪೆನ್‌ಡ್ರೈವಿನಲ್ಲಿ ಜಿಪಾರ್ಟೆಡ್ ಎಂಬ ಪ್ರೋಗ್ರಾಂ ತೆರೆದು ಕಿರಿದು ಮಾಡಿ. ಅದಲು ಬದಲು ಬೇಡ.

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಒತ್ತಿ. ಎಷ್ಟು ಕಿರಿದು ಮಾಡಬೇಕೆಂದು ಎಂಬಿಯಲ್ಲಿ ಕೇಳುತ್ತದೆ. ಒಂದು ಜಿಬಿಗೆ 1024 ಎಂಬಿ, ಹಾಗಾಗಿ 100 ಜಿಬಿಗೆ 1,02,400 ಎಂದು, ಅಲ್ಪವಿರಾಮ ಬಿಟ್ಟು ತುಂಬಿ. ಎಷ್ಟು ಬೇಕು ಎನ್ನುವುದು ನಿಮ್ಮ ಫೈಲುಗಳ ಮೇಲೆ ನಿಂತಿದೆ. ಬರೀ ಲೆಕ್ಕಪತ್ರ, ಪಹಣಿ, ಮಳೆಯ ದಾಖಲೆಗೆ 50 ಜಿಬಿ ಧಾರಾಳ. ಹೋಮ್‌ಸ್ಟೇಯ ಫೋಟೊ, ಡ್ರೋನ್ ವೀಡಿಯೊಗಳಿದ್ದರೆ ಸಾಧ್ಯವಾದಷ್ಟು ಕೊಡಿ. ಸಿ ಡ್ರೈವಿನಲ್ಲಿ ಮಾತ್ರ 40 ಜಿಬಿಯಾದರೂ ಖಾಲಿ ಉಳಿಯಲಿ, ವಿಂಡೋಸ್ ಅಪ್‌ಡೇಟುಗಳಿಗೆ ಅದು ಬೇಕು.

ಕೆಲವೊಮ್ಮೆ 200 ಜಿಬಿ ಖಾಲಿ ಇದ್ದರೂ 20 ಜಿಬಿ ಮಾತ್ರ ಬಿಡಿಸಬಹುದು ಎನ್ನುತ್ತದೆ. ಪೇಜ್‌ಫೈಲ್, ಹೈಬರ್ನೇಟ್ ಫೈಲ್, ಸಿಸ್ಟಮ್ ರಿಸ್ಟೋರ್‌ನ ದಾಖಲೆಗಳಂಥ ಅಲ್ಲಾಡಿಸಲಾಗದ ಫೈಲುಗಳು ನಡುವೆ ಕೂತಿರುವುದೇ ಕಾರಣ. ಹೈಬರ್ನೇಟ್ ತೆಗೆದಾಗಿದೆ. ಸಿಸ್ಟಮ್ ಪ್ರೊಟೆಕ್ಷನ್ ಮತ್ತು ಪೇಜ್‌ಫೈಲನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಕೆಲಸವಾದ ಮೇಲೆ ಎರಡನ್ನೂ ಮತ್ತೆ ಆನ್ ಮಾಡಿ.

ಜಾಗ ಬಿಡುಗಡೆಯಾದ ಮೇಲೆ ‘ಅನ್‌ಅಲೋಕೇಟೆಡ್’ ಎಂಬ ಕಪ್ಪುಪಟ್ಟಿಯ ತುಂಡು ಕಾಣುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಒತ್ತಿ. ಡ್ರೈವ್ ಅಕ್ಷರ ಡಿ ಇರಲಿ, ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್, ಅಲೋಕೇಶನ್ ಯೂನಿಟ್ ಡಿಫಾಲ್ಟ್. ಲೇಬಲ್ಲಿಗೆ ‘ಡೇಟಾ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪೇಸ್ ಇಲ್ಲದೆ ಬರೆಯಿರಿ. ಕಂಪ್ರೆಶನ್ ಟಿಕ್ ಖಾಲಿ ಬಿಡಿ.

ಇಲ್ಲಿ ಎರಡು ಅಪಾಯಗಳಿವೆ. ಎಂಬಿಆರ್ ಎಂಬ ಹಳೆಯ ವಿಭಜನಾ ಪದ್ಧತಿಯ ಡಿಸ್ಕುಗಳಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಶನ್ ಇರಬಹುದು. ನಾಲ್ಕೂ ತುಂಬಿದ್ದರೆ ವಿಂಡೋಸ್ ಇಡೀ ಡಿಸ್ಕನ್ನು ‘ಡೈನಾಮಿಕ್’ ಮಾಡಲೇ ಎಂದು ಕೇಳುತ್ತದೆ. ‘ನೋ’ ಒತ್ತಿ. ಡೈನಾಮಿಕ್ ಮಾಡಿದರೆ ಲಿನಕ್ಸ್‌ಗೆ ಆ ಡಿಸ್ಕು ಗೋಜಲಾಗುತ್ತದೆ, ವಿಂಡೋಸ್‌ನಲ್ಲೇ ಹಿಂದಕ್ಕೆ ತರಬೇಕೆಂದರೂ ಪಾರ್ಟಿಶನ್‌ಗಳನ್ನೆಲ್ಲ ಅಳಿಸಬೇಕು. ಇನ್ನೊಂದು, ಪಟ್ಟಿಯಲ್ಲಿ ಕಾಣುವ ಇಎಫ್ಐ, ರಿಕವರಿ ಎಂಬ ಚಿಕ್ಕ ಪಾರ್ಟಿಶನ್‌ಗಳು. ಕೆಲಸಕ್ಕೆ ಬಾರದವೆಂದು ಅವನ್ನು ಅಳಿಸಿದರೆ ಎರಡು ಓಎಸ್‌ಗಳೂ ತೆರೆದುಕೊಳ್ಳುವುದಿಲ್ಲ ಎಂಬ ಸ್ಥಿತಿ ಬರಬಹುದು. ಲಿನಕ್ಸಿನ ಪಾರ್ಟಿಶನ್‌ಗೆ ವಿಂಡೋಸ್ ಎಂದಾದರೂ ಡ್ರೈವ್ ಅಕ್ಷರ ಕೊಟ್ಟುಬಿಟ್ಟರೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬರುತ್ತದೆ. ಕ್ಯಾನ್ಸಲ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಅಕ್ಷರ ತೆಗೆದುಹಾಕಿ. ಮನೆಯಲ್ಲಿ ಆ ಕಂಪ್ಯೂಟರ್ ಬಳಸುವ ಎಲ್ಲರಿಗೂ ಇದನ್ನು ಹೇಳಿಡಿ.

ಹೆಜ್ಜೆ 5: ಲಿನಕ್ಸ್‌ನಲ್ಲಿ ತಾನಾಗಿ ಸೇರಿಕೊಳ್ಳುವಂತೆ ಮಾಡಿ

ವಿಂಡೋಸ್‌ನಲ್ಲಿ ಡಿ ಡ್ರೈವಿನೊಳಗೆ ಒಂದು ಚಿಕ್ಕ ಟೆಕ್ಸ್ಟ್ ಫೈಲ್ ಇಟ್ಟು, ರೀಸ್ಟಾರ್ಟ್ ಮಾಡಿ ಲಿನಕ್ಸ್‌ಗೆ ಬನ್ನಿ. ಫೈಲ್ ಮ್ಯಾನೇಜರಿನ ಎಡಬದಿಯಲ್ಲಿ ಹೊಸ ಪಾರ್ಟಿಶನ್ ಕಾಣುತ್ತದೆ. ಕ್ಲಿಕ್ ಮಾಡಿದರೆ ತೆರೆಯುತ್ತದೆ. ಎಂದಾದರೊಮ್ಮೆ ಬಳಸುವವರಿಗೆ ಇಷ್ಟೇ ಸಾಕು.

ದಿನವೂ ಬಳಸುವವರು ಬೂಟ್ ಆಗುವಾಗಲೇ ಅದು ಒಂದು ಖಾಯಂ ಜಾಗದಲ್ಲಿ ಸೇರುವಂತೆ ಮಾಡಿಕೊಳ್ಳಬೇಕು. ಇಲ್ಲವಾದರೆ ಪ್ರತಿ ಸಲ ಕ್ಲಿಕ್ ಮಾಡುವವರೆಗೆ ಬ್ಯಾಕಪ್ ಪ್ರೋಗ್ರಾಮಿಗೆ, ಹಿಂದೆ ತೆರೆದ ಫೈಲುಗಳ ಪಟ್ಟಿಗೆ ಆ ಪಾರ್ಟಿಶನ್ ಕಾಣುವುದಿಲ್ಲ. ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆಯಿರಿ. ಡೇಟಾ ಪಾರ್ಟಿಶನ್ ಆರಿಸಿ, ಹಲ್ಲುಚಕ್ರದ ಗುರುತು ಒತ್ತಿ, ‘ಎಡಿಟ್ ಮೌಂಟ್ ಆಪ್ಶನ್ಸ್’ಗೆ ಹೋಗಿ. ಮೇಲಿರುವ ‘ಯೂಸರ್ ಸೆಶನ್ ಡಿಫಾಲ್ಟ್ಸ್’ ಆಫ್ ಮಾಡಿದರೆ ಕೆಳಗಿನದನ್ನೆಲ್ಲ ತಿದ್ದಬಹುದು.

‘ಮೌಂಟ್ ಅಟ್ ಸಿಸ್ಟಮ್ ಸ್ಟಾರ್ಟಪ್’ಗೆ ಟಿಕ್ ಇರಲಿ. ‘ಮೌಂಟ್ ಪಾಯಿಂಟ್’ ಎಂಬಲ್ಲಿ ಓರೆಗೆರೆ, ಎಂಎನ್‌ಟಿ, ಓರೆಗೆರೆ, ಡೇಟಾ ಎಂದು ಸಣ್ಣಕ್ಷರದಲ್ಲಿ ಬರೆಯಿರಿ. ‘ಐಡೆಂಟಿಫೈ ಆಸ್’ ಎಂಬಲ್ಲಿ ಯುಯುಐಡಿ (ಪಾರ್ಟಿಶನಿನ ಗುರುತಿನ ಸಂಖ್ಯೆ) ಇರುವ ಸಾಲನ್ನು ಆರಿಸಿ. ಎಸ್‌ಡಿಎ3 ಎಂಬಂಥ ಹೆಸರುಗಳು ಹೊಸ ಡಿಸ್ಕ್ ಸಿಕ್ಕಿಸಿದರೆ ಅದಲು ಬದಲಾಗಬಹುದು, ಯುಯುಐಡಿ ಬದಲಾಗದು. ಫೈಲ್ ಸಿಸ್ಟಮ್ ಟೈಪ್ ಎಂಬಲ್ಲಿ ಎನ್‌ಟಿಎಫ್‌ಎಸ್-3ಜಿ ಎಂದು ಬರೆಯಿರಿ.

ಇನ್ನು ಆಪ್ಶನ್ಸ್ ಸಾಲು. ಅಲ್ಲಿ ಮೊದಲೇ ಕೆಲವು ಪದಗಳಿರುತ್ತವೆ. ಅವುಗಳಲ್ಲಿ ‘ನೋಫೇಲ್’ ಇದೆಯೇ ನೋಡಿ, ಇಲ್ಲವಾದರೆ ಸೇರಿಸಿ. ಇದಿಲ್ಲದಿದ್ದರೆ ಯಾವತ್ತಾದರೂ ಆ ಪಾರ್ಟಿಶನ್ ತೆರೆಯದೇ ಹೋದಾಗ ಲಿನಕ್ಸ್ ಇಡೀ ಬೂಟ್ ಅನ್ನೇ ನಿಲ್ಲಿಸಿ ಎಮರ್ಜೆನ್ಸಿ ಮೋಡ್‌ನ ಕಪ್ಪು ಪರದೆ ತೋರಿಸುತ್ತದೆ. ಆ ಸಾಲಿನ ಕೊನೆಗೆ ಅಲ್ಪವಿರಾಮ ಹಾಕಿ ಇವನ್ನು ಸೇರಿಸಿ:

ಯುಐಡಿ=1000,ಜಿಐಡಿ=1000,ಡಿಮಾಸ್ಕ್=022,ಎಫ್‌ಮಾಸ್ಕ್=133,ವಿಂಡೋಸ್_ನೇಮ್ಸ್

ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ, ನಡುವೆ ಎಲ್ಲೂ ಸ್ಪೇಸ್ ಬೇಡ. 1000 ಎಂದರೆ ಲಿನಕ್ಸ್ ಹಾಕುವಾಗ ಮಾಡಿದ ಮೊದಲ ಅಕೌಂಟು. ಡಿಮಾಸ್ಕ್ ಫೋಲ್ಡರುಗಳ ಹಕ್ಕು, ಎಫ್‌ಮಾಸ್ಕ್ ಫೈಲುಗಳ ಹಕ್ಕು. ಈ ಅಂಕಿಗಳ ಪ್ರಕಾರ ನೀವು ಬರೆಯಬಹುದು, ಉಳಿದ ಅಕೌಂಟಿನವರು ಓದಬಹುದು. ಮನೆಯವರೆಲ್ಲ ಬೇರೆ ಬೇರೆ ಅಕೌಂಟಿನಿಂದ ಬರೆಯಬೇಕೆಂದರೆ ಡಿಮಾಸ್ಕ್‌ಗೆ 000, ಎಫ್‌ಮಾಸ್ಕ್‌ಗೆ 111 ಕೊಡಿ. ಕೊನೆಯ ಪದದ ಉಪಯೋಗ ಮುಂದೆ ಬರುತ್ತದೆ.

ಓಕೆ ಒತ್ತಿ, ರೀಸ್ಟಾರ್ಟ್ ಮಾಡಿ. ಲಿನಕ್ಸ್‌ನಿಂದ ಒಂದು ಫೈಲ್ ಬರೆದು ವಿಂಡೋಸ್‌ನಲ್ಲಿ ತಿದ್ದಿ, ಮತ್ತೆ ಲಿನಕ್ಸ್‌ಗೆ ಬಂದು ತೆರೆಯಿರಿ. ಮಾಮೂಲಿ ಶಟ್‌ಡೌನ್ ಮಾಡಿ ಬಂದಾಗಲೂ ಬರೆಯಲು ಬರುತ್ತದೆಯೇ ನೋಡಿ. ಬಂದರೆ ಮೂರನೆಯ ಹೆಜ್ಜೆ ಸರಿಯಾಗಿ ಆಗಿದೆ ಎಂದರ್ಥ.

ಹೆಜ್ಜೆ 6: ಎರಡೂ ಕಡೆಯಿಂದ ಕೈಗೆ ಸಿಗುವಂತೆ ಜೋಡಿಸಿ

ಡಿ ಡ್ರೈವಿನೊಳಗೆ ಮೊದಲು ಫೋಲ್ಡರುಗಳನ್ನು ಮಾಡಿ. ತೋಟ, ಮನೆ, ಫೋಟೊ, ಓದು ಹೀಗೆ ನಾಲ್ಕೈದು ಸಾಕು. ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಲೊಕೇಶನ್’ ಟ್ಯಾಬ್ ಇರುತ್ತದೆ. ‘ಮೂವ್’ ಒತ್ತಿ ಅದನ್ನು ಡಿ ಡ್ರೈವಿನ ಒಂದು ಫೋಲ್ಡರಿಗೆ ತಿರುಗಿಸಬಹುದು. ಡಿ ಡ್ರೈವಿಗೇ ನೇರವಾಗಿ ತಿರುಗಿಸಬೇಡಿ, ಆಮೇಲೆ ಬಿಡಿಸಿಕೊಳ್ಳುವುದು ರಗಳೆ. ಒನ್‌ಡ್ರೈವ್ ಡಾಕ್ಯುಮೆಂಟ್ಸನ್ನು ಬ್ಯಾಕಪ್ ಮಾಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಲಿನಕ್ಸ್‌ನಲ್ಲಿ ಬೇಕಾದ ಫೋಲ್ಡರ್ ತೆರೆದು ಕಂಟ್ರೋಲ್ ಜೊತೆ ಡಿ ಒತ್ತಿದರೆ ಎಡಬದಿಯಲ್ಲಿ ಬುಕ್‌ಮಾರ್ಕ್ ಆಗುತ್ತದೆ. ಲಿನಕ್ಸಿನ ಡಾಕ್ಯುಮೆಂಟ್ಸನ್ನೇ ಅಲ್ಲಿಗೆ ತಿರುಗಿಸುವ ವಿಧಾನವೂ ಇದೆ. ಆದರೆ ಒಂದು ದಿನ ಪಾರ್ಟಿಶನ್ ಸೇರದೆ ಲಾಗಿನ್ ಆದರೆ ಆ ಸೆಟ್ಟಿಂಗ್ ತಾನಾಗಿ ಹೋಮ್‌ಗೆ ಮರಳಿಬಿಡುತ್ತದೆ. ಬುಕ್‌ಮಾರ್ಕಿಗೆ ಆ ತೊಂದರೆಯಿಲ್ಲ.

ಅಲ್ಲಿ ಏನನ್ನು ಇಡಬಾರದು? ಲಿನಕ್ಸಿನ ಹೋಮ್ ಡೈರೆಕ್ಟರಿಯನ್ನು ಇಡಬೇಡಿ, ಎನ್‌ಟಿಎಫ್‌ಎಸ್‌ನಲ್ಲಿ ಅದರ ಹಕ್ಕುಗಳು ಸರಿಯಾಗಿ ಕೂರುವುದಿಲ್ಲ. ಬ್ರೌಸರ್, ಈಮೇಲ್ ಪ್ರೋಗ್ರಾಮಿನ ಪ್ರೊಫೈಲನ್ನು ಎರಡು ಓಎಸ್‌ಗಳಿಂದ ಹಂಚಿಕೊಳ್ಳಬೇಡಿ. ಒಂದು ಕಡೆಯ ಆವೃತ್ತಿ ಮುಂದೆ ಹೋದರೆ ಇನ್ನೊಂದು ಕಡೆ ಅದು ತೆರೆಯದು. ಟ್ಯಾಲಿಯ ಡೇಟಾ ಫೋಲ್ಡರ್ ಇರಬಹುದು, ಆದರೆ ಅದನ್ನು ಮುಟ್ಟುವುದು ವಿಂಡೋಸ್‌ನ ಟ್ಯಾಲಿ ಮಾತ್ರ. ಲಿನಕ್ಸ್‌ನಿಂದ ಅದರ ಪ್ರತಿ ತೆಗೆದಿಡಿ, ಒಳಗೆ ಏನನ್ನೂ ಬದಲಿಸಬೇಡಿ.

ಲಿನಕ್ಸ್‌ನಿಂದ ಡಿಲೀಟ್ ಮಾಡಿದ ಫೈಲುಗಳು ಅದೇ ಪಾರ್ಟಿಶನಿನ ‘.ಟ್ರ್ಯಾಶ್-1000’ ಎಂಬ ಅಡಗಿದ ಫೋಲ್ಡರಿಗೆ ಹೋಗುತ್ತವೆ. ವಿಂಡೋಸ್‌ನ ರಿಸೈಕಲ್ ಬಿನ್ ಖಾಲಿ ಮಾಡಿದರೆ ಅವು ಹೋಗುವುದಿಲ್ಲ. ಜಾಗ ಎಲ್ಲಿ ಮಾಯವಾಯಿತೆಂದು ಹುಡುಕುವ ಮೊದಲು ಲಿನಕ್ಸಿನ ಟ್ರ್ಯಾಶ್ ಖಾಲಿ ಮಾಡಿ.

ಕನ್ನಡದ ಹೆಸರುಗಳು, ನುಡಿಯ ಫೈಲುಗಳು

ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದೇ? ಧಾರಾಳವಾಗಿ ಇಡಬಹುದು, ಎರಡೂ ಕಡೆ ಸರಿಯಾಗಿ ಕಾಣುತ್ತದೆ. ಒಂದು ಮಿತಿ ಮಾತ್ರ ಗೊತ್ತಿರಬೇಕು. ಎನ್‌ಟಿಎಫ್‌ಎಸ್‌ನಲ್ಲಿ ಹೆಸರು 255 ಯೂನಿಕೋಡ್ ಘಟಕಗಳಷ್ಟು ಉದ್ದವಿರಬಹುದು. ಲಿನಕ್ಸಿನ ಎಕ್ಸ್‌ಟಿ4ನಲ್ಲಿ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು, ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಮೂರು ಬೈಟ್ ಬೇಕು. ಅಂದರೆ 85 ಚಿಹ್ನೆಗಳಿಗೆ ಮುಗಿಯಿತು. ‘ಕ್ಷೇ’ ಎಂಬ ಒಂದಕ್ಷರದಲ್ಲೇ ನಾಲ್ಕು ಚಿಹ್ನೆಗಳಿವೆ, ಹನ್ನೆರಡು ಬೈಟ್. ವಿಂಡೋಸ್‌ನಲ್ಲಿ ಉದ್ದಕ್ಕೆ ಹೆಸರಿಟ್ಟ ಫೈಲನ್ನು ಲಿನಕ್ಸಿನ ಹೋಮ್‌ಗೆ ಕಾಪಿ ಮಾಡುವಾಗ ‘ಹೆಸರು ತೀರಾ ಉದ್ದ’ ಎಂದು ತಿರಸ್ಕಾರವಾಗುವುದು ಇದರಿಂದ. ಇಪ್ಪತ್ತು ಇಪ್ಪತ್ತೈದು ಅಕ್ಷರಗಳಲ್ಲಿ ಹೆಸರು ಮುಗಿಸಿ.

ಕೊಲನ್, ಪ್ರಶ್ನಾರ್ಥಕ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ, ನೇರ ಗೆರೆ, ಹಿಂದೆ ಬಾಗಿದ ಓರೆಗೆರೆ, ಕೋನಾವರಣಗಳನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದಿಲ್ಲ, ಲಿನಕ್ಸ್ ಒಪ್ಪುತ್ತದೆ. ನಮ್ಮಲ್ಲಿ ಮಳೆಯನ್ನು ಇಂಚಿನಲ್ಲೇ ಬರೆಯುವ ರೂಢಿ. ಇಂಚಿಗೆ ಜೋಡಿ ಚಿಹ್ನೆ ಹಾಕಿ ಹೂಮಳೆಯ ಫೋಟೊಗೆ ಲಿನಕ್ಸ್‌ನಲ್ಲಿ ಹೆಸರಿಟ್ಟರೆ ವಿಂಡೋಸ್‌ನಲ್ಲಿ ಅದು ತೆರೆಯದು. ಮೌಂಟ್ ಆಪ್ಶನ್ಸ್‌ನ ಕೊನೆಯಲ್ಲಿ ಸೇರಿಸಿದ ‘ವಿಂಡೋಸ್_ನೇಮ್ಸ್’ ಇಂಥ ಹೆಸರನ್ನು ಬರೆಯುವಾಗಲೇ ತಡೆಯುತ್ತದೆ. ‘ಇಂಚು’ ಎಂದೇ ಬರೆಯಿರಿ. ದೊಡ್ಡಕ್ಷರ ಸಣ್ಣಕ್ಷರ ಮಾತ್ರ ಬೇರೆಯಿರುವ ಎರಡು ಇಂಗ್ಲಿಷ್ ಹೆಸರುಗಳನ್ನೂ ಒಂದೇ ಫೋಲ್ಡರಿನಲ್ಲಿ ಇಡಬೇಡಿ, ವಿಂಡೋಸ್‌ಗೆ ಅವೆರಡೂ ಒಂದೇ.

ಹಳೆಯ ನುಡಿ ಫೈಲುಗಳನ್ನು ಲಿನಕ್ಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡು ಗಾಬರಿಯಾಗಬೇಡಿ. ಪಾರ್ಟಿಶನ್ ಕೆಟ್ಟಿಲ್ಲ. ಯೂನಿಕೋಡ್‌ಗೆ ಮೊದಲಿನ ನುಡಿಯಲ್ಲಿ ಕನ್ನಡ ಕಾಣಿಸುತ್ತಿದ್ದುದು ಫಾಂಟಿನ ಬಲದಿಂದ. ಆ ಫಾಂಟ್ ಫೈಲುಗಳನ್ನು ಲಿನಕ್ಸ್‌ನಲ್ಲಿ ತೆರೆದು ‘ಇನ್‌ಸ್ಟಾಲ್’ ಒತ್ತಿದರೆ ಪತ್ರ ಓದಲು ಬರುತ್ತದೆ. ಜಮ್ಮಾ ಜಮೀನಿನ ಅರ್ಜಿ, ಕುಟುಂಬದ ಒಪ್ಪಂದದಂಥ ಮುಖ್ಯ ಪತ್ರಗಳನ್ನು ಮಾತ್ರ ಬಿಡುವು ಮಾಡಿಕೊಂಡು ಯೂನಿಕೋಡ್‌ಗೆ ಪರಿವರ್ತಿಸಿ, ಜೊತೆಗೆ ಪಿಡಿಎಫ್ ಕೂಡ ತೆಗೆದಿಡಿ. ಹೊಸದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಿರಿ.

ಐದೂವರೆ ಗಂಟೆಯ ವ್ಯತ್ಯಾಸ

ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತಿದ್ದರೆ, ಕಂಪ್ಯೂಟರಿನ ಒಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯವೆಂದೂ ವಿಂಡೋಸ್ ಸ್ಥಳೀಯ ಸಮಯವೆಂದೂ ಓದುವುದೇ ಕಾರಣ. ಹಂಚಿಕೊಂಡ ಪಾರ್ಟಿಶನ್‌ಗೆ ಇದು ಚಿಕ್ಕ ವಿಷಯವಲ್ಲ. ಫೈಲಿನ ದಿನಾಂಕ ತಪ್ಪಾದರೆ ಬ್ಯಾಕಪ್ ಪ್ರೋಗ್ರಾಂ ಹಳೆಯದನ್ನೇ ಹೊಸದೆಂದು ತಿಳಿಯಬಹುದು. ಲಿನಕ್ಸಿನ ಟರ್ಮಿನಲ್ಲಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’, ಸ್ಪೇಸ್, ‘ಸೆಟ್-ಲೋಕಲ್-ಆರ್‌ಟಿಸಿ’, ಸ್ಪೇಸ್, 1 ಎಂದು ಕೊಟ್ಟರೆ ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಬಳಸುತ್ತದೆ. ಬೇಸಿಗೆ ಸಮಯ, ಚಳಿ ಸಮಯವೆಂದು ಗಡಿಯಾರ ತಿರುಗಿಸದ ನಮ್ಮ ದೇಶದಲ್ಲಿ ಹೀಗೆ ಮಾಡುವುದರಿಂದ ತೊಂದರೆಯಿಲ್ಲ.

ಕರೆಂಟ್ ಹೋಗಿ ಬಂದ ಮೇಲೆ

ಬರೆಯುತ್ತಿದ್ದಾಗಲೇ ಯಂತ್ರ ಆರಿಹೋಗಿದ್ದರೆ, ಮತ್ತೆ ಆನ್ ಮಾಡುವಾಗ ಮೊದಲು ವಿಂಡೋಸ್‌ಗೆ ಹೋಗಿ. ಡಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ‘ಟೂಲ್ಸ್’, ಅದರಲ್ಲಿ ‘ಚೆಕ್’ ಒತ್ತಿ. ತಪ್ಪು ಕಂಡರೆ ಸರಿಪಡಿಸಲು ಬಿಡಿ. ಆಮೇಲೆ ರೀಸ್ಟಾರ್ಟ್ ಮಾಡಿ ಲಿನಕ್ಸ್‌ಗೆ ಬನ್ನಿ. ಲಿನಕ್ಸ್‌ನಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಕಮಾಂಡ್ ಇದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದು ಕೆಲವು ಸಣ್ಣ ದೋಷಗಳನ್ನಷ್ಟೇ ತಿದ್ದಿ ‘ಕೆಟ್ಟಿದೆ’ ಎಂಬ ಗುರುತನ್ನು ಅಳಿಸುತ್ತದೆ, ವಿಂಡೋಸ್‌ನ ಚೆಕ್ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ. ಗುರುತು ಅಳಿಸಿ ಬರೆಯುತ್ತಾ ಹೋದರೆ ಹಾನಿ ಬೆಳೆಯುತ್ತದೆ. ಇದೊಂದು ಕಾರಣಕ್ಕಾಗಿಯೇ, ಎನ್‌ಟಿಎಫ್‌ಎಸ್ ಪಾರ್ಟಿಶನ್ ಇರುವವರೆಗೆ ವಿಂಡೋಸ್ ಅನ್ನು ತೆಗೆಯದೆ ಉಳಿಸಿಕೊಳ್ಳಿ ಎನ್ನುತ್ತೇನೆ.

ಯಂತ್ರ ಆರಿಹೋಗದಿದ್ದರೂ ಲಿನಕ್ಸ್‌ನಲ್ಲಿ ಬರೆಯಲು ಬಾರದಿದ್ದರೆ ಬಲವಂತವಾಗಿ ಬರೆಸುವ ಕಮಾಂಡುಗಳನ್ನು ಹುಡುಕಬೇಡಿ. ವಿಂಡೋಸ್‌ಗೆ ಹೋಗಿ, ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಮುಗಿಯಲು ಬಿಟ್ಟು, ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ಲಿನಕ್ಸ್‌ಗೆ ಬನ್ನಿ. ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹೆಚ್ಚಿನ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಡೇಟಾ ಪಾರ್ಟಿಶನ್ ಬೇರೆಯಿದೆ ಎಂದ ಮಾತ್ರಕ್ಕೆ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಒಂದೇ. ಅದು ಸತ್ತರೆ ಎರಡು ಓಎಸ್‌ಗಳೂ ಫೈಲುಗಳೂ ಒಟ್ಟಿಗೆ ಹೋಗುತ್ತವೆ. ಹೊರಗಿನ ಡಿಸ್ಕಿನಲ್ಲಿ ಒಂದು ಪ್ರತಿ ಇರಲಿ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮಡಿಕೇರಿ ಸುತ್ತಮುತ್ತ ಮನೆಗಳೇ ಕುಸಿದುಹೋದದ್ದನ್ನು ನೋಡಿದ್ದೇವೆ. ಮನೆ ಬಿಟ್ಟು ಓಡುವಾಗ ಬೀರುವಿನ ಹಾರ್ಡ್‌ಡಿಸ್ಕ್ ಯಾರ ನೆನಪಿಗೂ ಬರುವುದಿಲ್ಲ. ಜಮೀನಿನ ಪತ್ರ, ಗುರುತಿನ ಚೀಟಿ, ಹಿರಿಯರ ಫೋಟೊಗಳ ಎರಡನೆಯ ಪ್ರತಿಯೊಂದನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಬಂಧುಗಳ ಮನೆಯಲ್ಲಿ ಇಡಿ. ಮಳೆಗಾಲ ಶುರುವಾಗುವ ಮೊದಲು, ಮೇ ತಿಂಗಳಲ್ಲಿ, ಅದನ್ನು ಹೊಸದಾಗಿಸಿ.

ಮುಂದೆ ಓಎಸ್ ಮತ್ತೆ ಹಾಕಬೇಕಾದಾಗ

ಡೇಟಾ ಬೇರೆ ಪಾರ್ಟಿಶನಿನಲ್ಲಿದ್ದುದರ ಪೂರ್ಣ ಫಲ ಸಿಗುವುದು ಆಗ. ವಿಂಡೋಸ್ ಅಥವಾ ಲಿನಕ್ಸ್ ಯಾವುದನ್ನು ಮತ್ತೆ ಹಾಕಿದರೂ ಫೈಲುಗಳು ಇದ್ದಲ್ಲೇ ಇರುತ್ತವೆ, ಇನ್‌ಸ್ಟಾಲರ್ ಅವನ್ನು ಮುಟ್ಟದಂತೆ ನೋಡಿಕೊಂಡರೆ. ಲಿನಕ್ಸ್ ಹಾಕುವಾಗ ‘ಇಡೀ ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆ ಬಿಟ್ಟು, ಪಾರ್ಟಿಶನ್‌ಗಳನ್ನು ಕೈಯಾರೆ ಆರಿಸುವ ಆಯ್ಕೆಗೆ ಹೋಗಿ. ಹಳೆಯ ಲಿನಕ್ಸ್ ಇದ್ದ ಪಾರ್ಟಿಶನ್‌ಗೆ ಮಾತ್ರ ಫಾರ್ಮ್ಯಾಟ್ ಟಿಕ್ ಹಾಕಿ, ಡೇಟಾ ಪಾರ್ಟಿಶನಿನ ಸಾಲಿನಲ್ಲಿ ಆ ಟಿಕ್ ಇಲ್ಲವೆಂದು ಎರಡು ಸಲ ನೋಡಿ. ಹೊಸ ಲಿನಕ್ಸ್ ಬಂದ ಮೇಲೆ ಐದನೆಯ ಹೆಜ್ಜೆಯನ್ನೊಮ್ಮೆ ಮಾಡಬೇಕು. ವಿಂಡೋಸ್ ಹೊಸದಾಗಿ ಹಾಕಿದರೆ ಮೂರನೆಯದನ್ನು, ಲಿನಕ್ಸ್‌ಗೆ ಬಂದು ಏನನ್ನಾದರೂ ಬರೆಯುವುದಕ್ಕೆ ಮೊದಲೇ.